ಚೋಳಮಂಡಲ ಅಲ್ಲ, ಚಮ್ಲಿ

ಈ ಕಡೆ ತಲೆ ಹಾಕಿ ತುಂಬಾ ದಿನ ಆಯ್ತು. ಆಫೀಸು, ಮನೆ, ಮಧ್ಯದಲ್ಲಿ ಒಂದು ಮದುವೆ (ನಂದಲ್ಲ ಮಾರಾಯ್ರೆ, ತಂಗೀದು)... ಹಾಗಾಗಿ ಬ್ಲಾಗು ಪಾಳು ಬಿದ್ದಿತ್ತು. "ಏನಪ್ಪಾ, ಬರೆಯೋದು ಬಿಟ್ಟೇ ಬಿಟ್ಯಾ?" ಅಂತ ಮೇಲ್ ಮಾಡಿ ಕೇಳಿದ ಇಬ್ಬರು ಪುಣ್ಯಾತ್ಮರಿಗೆ ಈ ಬರಹ ಅರ್ಪಣೆ :-)

ವಿಷಯ ಏನಂದ್ರೆ, ಎರಡು ತಿಂಗಳ ಹಿಂದೆ ನನಗೊಂದು ಟಿಕೆಟ್ ಬಂತು. ಸಿನಿಮಾದ್ದಲ್ಲ, ಬಸ್ಸಿಂದೂ ಅಲ್ಲ. ನಮ್ಮ ಭಾಷೆಯಲ್ಲಿ ಟಿಕೆಟ್ ಅಂದ್ರೆ ದೂರು. ನಮ್ಮ ಕ್ಲೈಂಟು ಇಂಗ್ಲೆಂಡಿನವರು. ಅವರ ಗ್ರಾಹಕರು ಫೋನ್ ಮಾಡಿದಾಗ ಮೊದಲು ಮಾತಾಡೋದು ಮನುಷ್ಯರಲ್ಲ, ಯಂತ್ರ. "ದಯವಿಟ್ಟು ನಿಮ್ಮ ಸರ್‌ನೇಮ್ ಹೇಳಿ" ಅನ್ನುತ್ತೆ. ಹೇಳಿದ್ದನ್ನ ಅಕ್ಷರ ಮಾಡಿಕೊಂಡು ಡೇಟಾಬೇಸಿನಲ್ಲಿ ಹುಡುಕುತ್ತೆ. ಸಿಕ್ಕಿದ್ರೆ ಮುಂದಕ್ಕೆ ಕಳಿಸುತ್ತೆ, ಸಿಗದಿದ್ರೆ ಕ್ಷಮೆ ಕೇಳಿ ಲೈನ್ ಕಟ್ ಮಾಡುತ್ತೆ. ಆ ಹುಡುಕೋ ಭಾಗ ಬರೆದಿದ್ದು ನಾನು.

ದೂರು ಹೀಗಿತ್ತು: ವಯಸ್ಸಾದ ಹೆಂಗಸೊಬ್ಬರು ಒಂದೇ ವಾರದಲ್ಲಿ ನಾಲ್ಕು ಸಲ ಫೋನ್ ಮಾಡಿದ್ದಾರೆ. ಗಂಡ ತೀರಿಕೊಂಡಿದ್ದಾರೆ, ಅವರ ಹೆಸರಿನ ಖಾತೆ ಮುಚ್ಚಬೇಕು. ಯಂತ್ರ ನಾಲ್ಕೂ ಸಲ "ಆ ಹೆಸರಿನವರು ಯಾರೂ ಇಲ್ಲ" ಅಂದಿದೆ. ಲಾಗ್ ನೋಡಿದೆ. ಅವರು ಹೇಳಿದ್ದು "ಚಮ್ಲಿ". ಯಂತ್ರ ಅದನ್ನ ಸರಿಯಾಗೇ ಕೇಳಿಸಿಕೊಂಡು ಸಿ, ಎಚ್, ಯು, ಎಂ, ಎಲ್, ಇ, ವೈ ಅಂತ ಬರೆದುಕೊಂಡಿದೆ. ಡೇಟಾಬೇಸಿನಲ್ಲಿ ಆ ಹೆಸರೇ ಇಲ್ಲ. ಖಾತೆ ಸಂಖ್ಯೆ ಹಾಕಿ ನೋಡಿದ್ರೆ ಅಲ್ಲಿರೋ ಹೆಸರು ಸಿ, ಎಚ್, ಓ, ಎಲ್, ಎಂ, ಓ, ಎನ್, ಡಿ, ಇ, ಎಲ್, ಇ, ವೈ. ಹನ್ನೆರಡು ಅಕ್ಷರ.

ನಾನದನ್ನ ಓದಿದ್ದು "ಚೋಳಮಂಡಲೇ" ಅಂತ. ಪಕ್ಕದಲ್ಲಿದ್ದ ತಮಿಳು ಗೆಳೆಯ ಬಗ್ಗಿ ನೋಡಿ "ನಮ್ಮೋರೇ ಕಣೋ, ರಾಜರಾಜ ಚೋಳನ ಕಡೆಯೋರು" ಅಂದ. ಇಬ್ಬರೂ ನಕ್ಕೆವು. ಅವರು ಹೇಳಿದ ಹೆಸರೇ ಬೇರೆ, ಖಾತೆಯಲ್ಲಿರೋ ಹೆಸರೇ ಬೇರೆ, ಇದರಲ್ಲಿ ನಮ್ಮ ತಪ್ಪೇನಿದೆ ಅಂದುಕೊಂಡು "ನಾಟ್ ಎ ಬಗ್" ಅಂತ ಬರೆದು ಟಿಕೆಟ್ ಮುಚ್ಚಿ ಕಾಫಿಗೆ ಹೋದೆ.

ಮರುದಿನ ಬೆಳಗ್ಗೆ ಅದು ಮತ್ತೆ ತೆರೆದುಕೊಂಡು ಕೂತಿತ್ತು. ಕ್ಲೈಂಟಿನ ಕಡೆಯವರು ಒಂದೇ ಸಾಲು ಬರೆದಿದ್ರು: ಆ ಹೆಸರನ್ನ ಹೇಳೋದೇ ಹಾಗೆ.

ಹೌದು. ಆ ಹನ್ನೆರಡು ಅಕ್ಷರದ ಹೆಸರಿನ ಉಚ್ಚಾರಣೆಯೇ ಚಮ್ಲಿ.

ನಕ್ಕಿದ್ದಕ್ಕೆ ಮೈಯೆಲ್ಲಾ ಮುಳ್ಳಾಯ್ತು. ಆ ಅಜ್ಜಿ ತಮ್ಮ ಹೆಸರನ್ನ ನಾಲ್ಕು ಸಲ ಸರಿಯಾಗಿ ಹೇಳಿದ್ದಾರೆ, ನನ್ನ ಕೋಡು ನಾಲ್ಕು ಸಲವೂ ನೀವು ಇಲ್ಲ ಅಂದಿದೆ. ಗಂಡನ್ನ ಕಳೆದುಕೊಂಡವರಿಗೆ! ಆವತ್ತಿಂದ ಈ ಹೆಸರಿನ ಹಿಂದೆ ಬಿದ್ದೆ. ರಾತ್ರಿ ಊಟ ಆದ ಮೇಲೆ ಓದೋದು, ಗುರುತು ಹಾಕ್ಕೊಳೋದು. ಓದಿದಷ್ಟೂ ಒಳಗೆ ಎಳ್ಕೊಂಡು ಹೋಯ್ತು.

ಚಮ್ಲಿ ಅನ್ನೋದು ಮೂಲದಲ್ಲಿ ಒಂದು ಊರು. ಇಂಗ್ಲೆಂಡಿನ ವಾಯವ್ಯದಲ್ಲಿ, ವೇಲ್ಸ್ ಗಡಿಗೆ ಹತ್ತಿರ, ಚೆಷೈರ್ ಅನ್ನೋ ಪ್ರಾಂತ್ಯ ಇದೆಯಲ್ಲ (ಆ ನಗುವ ಬೆಕ್ಕಿನ ಚೆಷೈರೇ), ಅಲ್ಲಿದೆ. ಹಳೆ ಇಂಗ್ಲಿಷಿನಲ್ಲಿ ಚೆಯೊಲ್ಮುಂಡ್ ಅನ್ನೋದು ಒಬ್ಬ ಗಂಡಸಿನ ಹೆಸರು. ಚೆಯೊಲ್ ಅಂದ್ರೆ ಹಡಗು, ಮುಂಡ್ ಅಂದ್ರೆ ರಕ್ಷಣೆ. ಕೊನೆಯ "ಲೀ" ಅಂದ್ರೆ ಕಾಡಿನ ನಡುವೆ ಮರ ಕಡಿದು ಮಾಡಿಕೊಂಡ ಬಯಲು. ಅಲ್ಲಿನ ಎಷ್ಟೋ ಊರುಗಳ ಬಾಲದಲ್ಲಿ ಈ ಲೀ ಇದೆ. ಫುಟ್ಬಾಲಿನ ವೆಂಬ್ಲಿ ಕೂಡ ವೆಂಬಾ ಅನ್ನೋನ ಲೀ. ಅಂದ್ರೆ ಚಮ್ಲಿ ಅಂದ್ರೆ ಚೆಯೊಲ್ಮುಂಡನ ಬಯಲು. ಅವನು ಯಾರು, ಹೇಗಿದ್ದ, ಮಕ್ಕಳೆಷ್ಟು ಅನ್ನೋದು ಎಲ್ಲೂ ಇಲ್ಲ. ಸಾವಿರ ವರ್ಷಕ್ಕೂ ಹಿಂದೆ ಯಾವನೋ ಒಬ್ಬ ಕೊಡಲಿ ಹಿಡಿದು ಕಾಡಿಗೆ ಹೋದ. ಅವನಿಂದ ಉಳಿದಿದ್ದು ಹೆಸರು ಮಾತ್ರ.

1066ರಲ್ಲಿ ನಾರ್ಮನ್ನರು ಬಂದು ಇಂಗ್ಲೆಂಡ್ ಗೆದ್ದರು. ಇಪ್ಪತ್ತು ವರ್ಷದ ನಂತರ, 1086ರಲ್ಲಿ, ಯಾವ ಊರು ಯಾರ ಕೈಲಿದೆ, ಎಷ್ಟು ನೇಗಿಲು, ಎಷ್ಟು ಕಂದಾಯ ಅಂತ ಲೆಕ್ಕ ಬರೆಸಿದರು. ಅದೇ ಡೂಮ್ಸ್‌ಡೇ ಬುಕ್. ಅದರಲ್ಲಿ ಈ ಊರು ಇದೆ, ಆದರೆ "ಕಾಲ್ಮುಂಡೆಲೀ" ಅಂತ. ಗಮನಿಸಿ, ಮುಂಡ್ ಪೂರ್ತಿ ಇದೆ! ಬರೆದುಕೊಂಡ ಗುಮಾಸ್ತನ ಭಾಷೆ ಬೇರೆ, ಹೇಳಿದವನ ಭಾಷೆ ಬೇರೆ. ನಮ್ಮ ಊರುಗಳ ಹೆಸರನ್ನ ಬ್ರಿಟಿಷ್ ಗುಮಾಸ್ತರು ಬರೆದುಕೊಂಡ ಹಾಗೇ. ಅವರಿಗೂ ಒಂದು ಕಾಲದಲ್ಲಿ ಈ ಗತಿ ಬಂದಿತ್ತು ಅಂತ ತಿಳಿದು ಸ್ವಲ್ಪ ಸಮಾಧಾನ ಆಯ್ತು ನೋಡಿ :-)

ಆ ಕಾಲದಲ್ಲಿ ಅಲ್ಲಿ ಹೆಚ್ಚಿನವರಿಗೆ ಮನೆತನದ ಹೆಸರು ಅನ್ನೋದೇ ಇರಲಿಲ್ಲ. ಜಮೀನು ಇದ್ದೋರು ಮೊದಲು ಶುರು ಮಾಡಿದ್ರು, ಇಂಥಾ ಊರಿನ ರಾಬರ್ಟ್, ಇಂಥಾ ಊರಿನ ಫಿಲಿಪ್ ಅಂತ. ವಂಶಾವಳಿ ಬರೆದವರು ಹೇಳೋ ಪ್ರಕಾರ, ಆ ಸೀಮೆಯ ಮಾಲ್ಪಾಸಿನಲ್ಲಿ ವಿಲಿಯಂ ಲೆ ಬೆಲ್ವಾರ್ಡ್ ಅನ್ನೋ ಒಡೆಯನಿದ್ದ. ಅವನ ಸಂತತಿಯಲ್ಲಿ ಒಂದು ಕವಲಿಗೆ ಚಮ್ಲಿ ಊರು ಬಂತು, ಅವರು ಚಮ್ಲಿಗಳಾದರು. ಇನ್ನೊಂದು ಕವಲಿಗೆ ಹತ್ತಿರದ ಎಜರ್ಟನ್ ಬಂತು, ಅವರು ಎಜರ್ಟನ್ನರಾದರು. ಒಂದೇ ರಕ್ತ, ಪಾಲಿಗೆ ಬಂದ ಹೊಲದ ಮೇಲೆ ಹೆಸರು! ಎರಡೂ ಮನೆತನ ಮುಂದೆ ದೊಡ್ಡ ದೊಡ್ಡ ಪದವಿಗೇರಿದವು. ಈಗ ಅವರನ್ನ ನೋಡಿದ್ರೆ ಅಣ್ಣತಮ್ಮಂದಿರ ಕಡೆಯವರು ಅಂತ ಯಾರಿಗೂ ಅನ್ನಿಸಲ್ಲ.

ಸರಿ, ಚೆಯೊಲ್ಮುಂಡೆಲೀ ಹೋಗಿ ಚಮ್ಲಿ ಆಗಿದ್ದು ಹೇಗೆ? ನಿಜ ಹೇಳಬೇಕಂದ್ರೆ ಅದರಲ್ಲಿ ವಿಚಿತ್ರ ಏನೂ ಇಲ್ಲ. ದಿನಾ ಬಾಯಲ್ಲಿ ಹೊರಳಾಡೋ ಹೆಸರು ಸವೆಯುತ್ತೆ. ಮಾರತ್ತಹಳ್ಳಿಗೆ ಹೋಗೋ ಬಸ್ಸಿನ ಕಂಡಕ್ಟರ್ ಯಾವತ್ತಾದ್ರೂ "ಮಾರತ್ತಹಳ್ಳಿ" ಅಂತ ಬಿಡಿಸಿ ಕೂಗಿದ್ದು ಕೇಳಿದ್ದೀರಾ? "ಮಾರ್ತಳ್ಳಿ, ಮಾರ್ತಳ್ಳಿ, ಮಾರ್ತಳ್ಳಿ" ಅಷ್ಟೇ. ಒತ್ತು ಬೀಳೋ ಕಡೆ ಗಟ್ಟಿಯಾಗಿ ಉಳಿಯುತ್ತೆ, ಮಧ್ಯದ್ದು ಉದುರುತ್ತೆ. ಅಲ್ಲೂ ಅದೇ ಆಗಿದ್ದು. ಇಂಗ್ಲಿಷಿನಲ್ಲಿ ಒತ್ತು ಮೊದಲ ಉಚ್ಚಾರಾಂಶದ ಮೇಲೆ. "ಎಂ" ಮುಂದಿರೋ "ಎಲ್" ಮಾಯ, "ಪಾಮ್" ಅಂತ ನಾವು ಓದೋ ಅಂಗೈಯ ಪದದಲ್ಲಿ ಎಲ್ ಮಾಯವಾದ ಹಾಗೆ. ಮಧ್ಯದ "ಓನ್ಡ್" ಪೂರ್ತಿ ಗಾಯಬ್. ಉಳಿದಿದ್ದು ಚಮ್ ಮತ್ತು ಲಿ.

ವಿಚಿತ್ರ ಇರೋದು ಬರವಣಿಗೆಯಲ್ಲಿ. ಬಾಯಿ ಮುಂದೆ ಹೋಯ್ತು, ಕೈ ಹಿಂದೆ ಉಳೀತು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಮೊಳೆ ಯಂತ್ರ ಇಟ್ಟ ಮೇಲೆ ಇಂಗ್ಲಿಷಿನ ಕಾಗುಣಿತ ನಿಧಾನವಾಗಿ ಹೆಪ್ಪುಗಟ್ಟೋಕೆ ಶುರುವಾಯ್ತು. ಆದರೂ ಹೆಸರುಗಳ ವಿಷಯದಲ್ಲಿ ಬಹಳ ಕಾಲ ಅವರವರ ಇಷ್ಟ. ಇದೇ ಹೆಸರನ್ನ ಕೆಲವರು ಮಧ್ಯದ ಓ, ಎನ್, ಡಿ ತೆಗೆದು ಚಿಕ್ಕದಾಗಿ ಬರೆದರು. ಲಂಡನ್ನಿನ ಹೈಗೇಟ್ ಶಾಲೆಯನ್ನ 1565ರಲ್ಲಿ ಕಟ್ಟಿಸಿದ ನ್ಯಾಯಾಧೀಶ ಸರ್ ರೋಜರ್ ಹಾಗೆ ಬರೆದುಕೊಳ್ತಿದ್ದ ಚಮ್ಲಿ. ಯಾರ್ಕ್‌ಷೈರಿನ ವಿಟ್ಬಿಯಲ್ಲಿ ಇನ್ನೊಂದು ಕವಲು. ಅಲ್ಲಿಯ ಸರ್ ಹ್ಯೂ ಅಂತರ್ಯುದ್ಧದಲ್ಲಿ ಮೊದಲು ಪಾರ್ಲಿಮೆಂಟಿನ ಕಡೆ ಇದ್ದು, 1643ರಲ್ಲಿ ರಾಜನ ಕಡೆ ಹಾರಿ, 1645ರವರೆಗೆ ಸ್ಕಾರ್‌ಬರೋ ಕೋಟೆ ಹಿಡಿದು ಕೂತಿದ್ದ. (ಪಕ್ಷಾಂತರ ನಮ್ಮಲ್ಲಿ ಮಾತ್ರ ಅಂದ್ಕೋಬೇಡಿ.) ಆದರೆ ಚೆಷೈರಿನ ಹಿರಿಮನೆ ಮಾತ್ರ ಹನ್ನೆರಡೂ ಅಕ್ಷರ ಬಿಟ್ಟುಕೊಡಲಿಲ್ಲ. 1706ರಲ್ಲಿ ಅರ್ಲ್ ಆದರು, 1815ರಲ್ಲಿ ಮಾರ್ಕ್ವಿಸ್ ಆದರು. ಹೆಸರು ಸವೆದರೂ ಆಸ್ತಿ ಸವೆಯಲಿಲ್ಲ!

ನನಗೆ ಈ ದೊಡ್ಡವರಿಗಿಂತ ಒಂದು ಚಿತ್ರ ಬಹಳ ಕಾಡಿತು. ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ, ಸುಮಾರು 1600ರಿಂದ 1610ರೊಳಗಿನದು, ಬರೆದ ಕಲಾವಿದ ಯಾರೋ ಗೊತ್ತಿಲ್ಲ. ಇಬ್ಬರು ಹೆಂಗಸರು ಹಾಸಿಗೆಯಲ್ಲಿ ಅಕ್ಕಪಕ್ಕ ನೆಟ್ಟಗೆ ಕೂತಿದ್ದಾರೆ. ಇಬ್ಬರ ಕೈಯಲ್ಲೂ ಕೆಂಪು ಬಟ್ಟೆಯಲ್ಲಿ ಸುತ್ತಿದ ಕೂಸು. ಮೊದಲ ನೋಟಕ್ಕೆ ಕಾಪಿ ಪೇಸ್ಟ್ ಅನ್ನಿಸುತ್ತೆ. ಆಮೇಲೆ ನೋಡ್ತಾ ನೋಡ್ತಾ ಒಡವೆ ಬೇರೆ, ಲೇಸು ಬೇರೆ, ಕಣ್ಣಿನ ಬಣ್ಣ ಬೇರೆ ಅಂತ ಗೊತ್ತಾಗುತ್ತೆ. ಚಿತ್ರದ ಮೂಲೆಯಲ್ಲಿ ಒಂದು ಬರಹ: ಇವರು ಚಮ್ಲಿ ಕುಟುಂಬದ ಇಬ್ಬರು ಹೆಂಗಸರು, ಒಂದೇ ದಿನ ಹುಟ್ಟಿದರು, ಒಂದೇ ದಿನ ಮದುವೆಯಾದರು, ಒಂದೇ ದಿನ ಹೆತ್ತರು ಅನ್ನೋ ಅರ್ಥದ್ದು. ಕುಟುಂಬದ ಹೆಸರು ಬರೆದವರಿಗೆ ಆ ಇಬ್ಬರ ಹೆಸರು ಬರೆಯಬೇಕು ಅನ್ನಿಸಲೇ ಇಲ್ಲ. ನನ್ನ ಟಿಕೆಟ್ಟಿನ ಅಜ್ಜಿಯೂ ನೆನಪಾದರು. ಖಾತೆ ಗಂಡನದ್ದು, ಹೆಸರು ಗಂಡನ ಮನೆಯದ್ದು.

ಹೀಗೆ ಓದ್ತಿರಬೇಕಾದ್ರೆ ಇದ್ದಕ್ಕಿದ್ದಂತೆ ಈ ಹೆಸರು ನಮ್ಮ ಕಡೆಗೂ ತಿರುಗಿತು. ಇದನ್ನ ನಾನು ನಿರೀಕ್ಷಿಸಿರಲಿಲ್ಲ.

ಥಾಮಸ್ ಚಮ್ಲಿ ಅಂತ ಒಬ್ಬ. ಹಿರಿಮನೆಯವನಲ್ಲ, ಕವಲಿನವನು. ಸ್ವಲ್ಪ ಅಲೆಮಾರಿ, ನ್ಯೂಜಿಲೆಂಡಿಗೆಲ್ಲಾ ಹೋಗಿ ಬಂದವನು. 1854ರಲ್ಲಿ ಅಮೆರಿಕದ ಕಾಂಕಾರ್ಡ್ ಊರಿಗೆ ಹೋಗಿ ಹೆನ್ರಿ ಡೇವಿಡ್ ಥೋರೋ ಮನೆಯಲ್ಲಿ ಉಳಿದುಕೊಂಡ. ಅವನ ತಾಯಿ ಊಟ ವಸತಿ ಕೊಡ್ತಿದ್ದಳು, ನಮ್ಮ ಪಿಜಿ ಥರ. ಅದೇ ವರ್ಷ ಥೋರೋನ ವಾಲ್ಡನ್ ಹೊರಗೆ ಬಂದಿತ್ತು. ಇಬ್ಬರೂ ಗೆಳೆಯರಾದರು. ಗೆಳೆಯನಿಗೆ ಹಿಂದೂ ಗ್ರಂಥಗಳು ಅಂದ್ರೆ ಪ್ರಾಣ ಅಂತ ಇವನಿಗೆ ಗೊತ್ತಾಯ್ತು. ಊರಿಗೆ ವಾಪಸ್ ಹೋದವನು 1855ರಲ್ಲಿ ಒಂದು ಪೆಟ್ಟಿಗೆ ಕಳಿಸಿದ. ಅದರಲ್ಲಿ ನಲವತ್ತನಾಲ್ಕು ಸಂಪುಟ! ಗೀತೆ, ಉಪನಿಷತ್ತು, ವಿಷ್ಣುಪುರಾಣ, ಹೀಗೆ. ಥೋರೋ ನದಿಯಲ್ಲಿ ತೇಲಿ ಬಂದ ಮರದ ತುಂಡುಗಳನ್ನ ಸೇರಿಸಿ ಆ ಪುಸ್ತಕಗಳಿಗೊಂದು ಕಪಾಟು ಮಾಡಿದ. ಇದನ್ನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ ಅಂದ್ರೆ ನೀವು ನಗಬಾರದು.

ಆ ಥಾಮಸ್ಸಿನ ಕಥೆಯ ಕೊನೆ ಇನ್ನೂ ವಿಚಿತ್ರ. ಅವನಿಗೆ ಷ್ರಾಪ್‌ಷೈರಿನಲ್ಲಿ ಕಾಂಡೋವರ್ ಅನ್ನೋ ದೊಡ್ಡ ಮನೆ ವಾರಸಿನಲ್ಲಿ ಬಂತು. ಅದರ ಜೊತೆಗೆ ಓವೆನ್ ಅನ್ನೋ ಹೆಸರನ್ನೂ ಇಟ್ಟುಕೊಂಡ. ಶತಮಾನಗಳಿಂದ ಕಾಪಾಡಿಕೊಂಡು ಬಂದ ಹೆಸರಿದ್ದೂ ಇನ್ನೊಂದು ಹೆಸರು! 1864ರಲ್ಲಿ ತೀರಿಕೊಂಡ. ಮದುವೆಯಾಗಿ ಹೆಚ್ಚು ದಿನ ಆಗಿರಲಿಲ್ಲ.

ಇನ್ನೊಂದು ನಂಟು ಮುಂಬಯಿಯದ್ದು. ಸಸೂನ್ ಡಾಕ್ ಹೆಸರು ಕೇಳಿರ್ತೀರಿ. ಬಾಗ್ದಾದಿನಿಂದ ಬಂದು ಮುಂಬಯಿಯಲ್ಲಿ ಹತ್ತಿ, ಅಫೀಮು ವ್ಯಾಪಾರ ಮಾಡಿ ಬೆಳೆದ ಯಹೂದಿ ಮನೆತನ ಅದು. ಡೇವಿಡ್ ಸಸೂನನ ಮರಿಮೊಮ್ಮಗಳು ಸಿಬಿಲ್ 1913ರಲ್ಲಿ ಮದುವೆಯಾಗಿದ್ದು ಮುಂದೆ ಐದನೇ ಮಾರ್ಕ್ವಿಸ್ ಆದ ಚಮ್ಲಿಯನ್ನ. ಇವರ ಹೌಟನ್ ಹಾಲ್ ಅನ್ನೋ ಅರಮನೆ ಮೂಲದಲ್ಲಿ ಬ್ರಿಟನ್ನಿನ ಮೊದಲ ಪ್ರಧಾನಿ ಅನ್ನಿಸಿಕೊಂಡ ರಾಬರ್ಟ್ ವಾಲ್‌ಪೋಲ್ ಕಟ್ಟಿಸಿದ್ದು. ಅವನ ಮಗಳನ್ನ ತಂದುಕೊಂಡ ಸಂಬಂಧದಿಂದ 1797ರಲ್ಲಿ ಚಮ್ಲಿಗಳಿಗೆ ಬಂತು. ಅಷ್ಟರಲ್ಲಿ ಅದರ ಒಳ್ಳೊಳ್ಳೆ ಚಿತ್ರಗಳೆಲ್ಲಾ 1779ರಲ್ಲೇ ರಷ್ಯಾದ ರಾಣಿ ಕ್ಯಾಥರೀನಳಿಗೆ ಮಾರಾಟ ಆಗಿ ಹೋಗಿದ್ದವು. ಸಿಬಿಲ್ ಬಂದ ಮೇಲೆ ಆ ಮನೆಗೆ ಮತ್ತೆ ಕಳೆ ಬಂತು. ಅದರಲ್ಲಿ ನಮ್ಮ ಕಡೆಯ ದುಡ್ಡೆಷ್ಟು ಅಂತ ಲೆಕ್ಕ ಹಾಕೋಕೆ ನಾನು ಹೋಗಲ್ಲ.

ಎಲ್ಲಾ ಚಮ್ಲಿಗಳೂ ಪುಸ್ತಕ ಕಳಿಸಿದವರಲ್ಲ. ಇನ್ನೊಂದು ಕವಲಿನ ಹ್ಯೂ ಚಮ್ಲಿ, ಮೂರನೇ ಬ್ಯಾರನ್ ಡೆಲಮೇರ್, ಈಗಿನ ಕೀನ್ಯಾಕ್ಕೆ ಹೋಗಿ ಲಕ್ಷ ಎಕರೆ ಲೆಕ್ಕದಲ್ಲಿ ಜಮೀನು ಹಿಡಿದ, ಅಲ್ಲಿನ ಬಿಳಿಯರ ಮುಖಂಡನಾದ. ನೈರೋಬಿಯ ಮುಖ್ಯ ರಸ್ತೆಗೆ ಅವನ ಹೆಸರಿತ್ತು. 1963ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಅದು ಕೆನ್ಯಾಟಾ ಅವೆನ್ಯೂ ಆಯ್ತು. ಚೆಯೊಲ್ಮುಂಡ್ ತನಗೆ ಬೇಕಾದಷ್ಟು ಬಯಲು ಮಾಡಿಕೊಂಡಿದ್ದ ಅಂತ ಕಾಣುತ್ತೆ. ಇವನ ಬಯಲು ಬೇರೆಯವರದ್ದು.

ಸರಿ, ಮತ್ತೆ ನನ್ನ ತಪ್ಪಿಗೆ ಬರ್ತೀನಿ. ನಾನೇನೂ ಬರೀ ಅಕ್ಷರ ಹೋಲಿಸೋ ಕೋಡು ಬರೆದಿರಲಿಲ್ಲ, ಬುದ್ಧಿವಂತಿಕೆ ತೋರಿಸಿದ್ದೆ. ಸೌಂಡೆಕ್ಸ್ ಅಂತ ಒಂದು ಹಳೇ ವಿಧಾನ ಇದೆ. ಅಮೆರಿಕದ ರಾಬರ್ಟ್ ರಸೆಲ್ ಅನ್ನೋನು 1918ರಲ್ಲೇ ಪೇಟೆಂಟ್ ತಗೊಂಡಿದ್ದು, ಅಂದ್ರೆ ಕಂಪ್ಯೂಟರಿಗಿಂತ ಮುಂಚೆ. ಒಂದೇ ಥರ ಕೇಳಿಸೋ ಹೆಸರುಗಳಿಗೆ ಒಂದೇ ಸಂಕೇತ ಕೊಡೋದು. ಮೊದಲ ಅಕ್ಷರ ಹಾಗೇ ಇಟ್ಕೋಬೇಕು, ಸ್ವರಗಳನ್ನ ಎಸೀಬೇಕು, ಉಳಿದ ವ್ಯಂಜನಗಳಿಗೆ ಗುಂಪಿನ ಪ್ರಕಾರ ಅಂಕಿ. ಬಿ ಪಿ ಒಂದು ಗುಂಪು, ಡಿ ಟಿ ಒಂದು ಗುಂಪು, ಎಂ ಎನ್ ಒಂದು ಗುಂಪು. ನಮ್ಮ ಒಂದನೇ ಕ್ಲಾಸಿನ ಗೋಡೆಯ ಮೇಲಿದ್ದ ವರ್ಣಮಾಲೆಯಲ್ಲಿ ಪ ಬ ಒಂದು ಸಾಲು, ತ ದ ಒಂದು ಸಾಲು ಇತ್ತಲ್ಲ, ಹೆಚ್ಚೂಕಮ್ಮಿ ಅದೇ ಉಪಾಯ. ಪೇಟೆಂಟ್ ತಗೋಬೇಕು ಅಂತ ನಮ್ಮೋರಿಗೆ ಹೊಳೀಲಿಲ್ಲ ಅಷ್ಟೇ :-)

ಕೈಯಲ್ಲೇ ಲೆಕ್ಕ ಹಾಕಿ ನೋಡಿ. ಕೇಳಿಸಿದ ಹಾಗೆ ಬರೆದ ಚಮ್ಲಿಗೆ ಬರೋದು ಸಿ 540. ಹನ್ನೆರಡು ಅಕ್ಷರದ ಚಮ್ಲಿಗೆ ಬರೋದು ಸಿ 455. ಎರಡಕ್ಕೂ ಸಂಬಂಧವೇ ಇಲ್ಲ! ಧ್ವನಿ ಹುಡುಕುತ್ತೆ ಅಂತ ಹೆಸರಿಟ್ಟುಕೊಂಡ ವಿಧಾನ ನಿಜವಾಗಿ ನೋಡೋದು ಕಾಗುಣಿತವನ್ನೇ. ಉದುರಿ ಹೋದ ಎಲ್, ಎನ್‌ಗಳನ್ನ ಅದು ಇನ್ನೂ ಎಣಿಸುತ್ತೆ.

ಮ್ಯಾನೇಜರ್ ಹತ್ರ ಹೋಗಿ, ಹೇಳೋ ರೀತಿಗೂ ಬರೆಯೋ ರೀತಿಗೂ ತಾಳಮೇಳ ಇಲ್ಲದ ಹೆಸರುಗಳಿಗೆ ಒಂದು ಬೇರೆ ಪಟ್ಟಿ ಮಾಡ್ತೀನಿ ಅಂದೆ. "ಆ ಹೆಸರಿನವರು ಡೇಟಾದಲ್ಲಿ ಎಷ್ಟು ಜನ ಇದ್ದಾರೆ?" ಅಂತ ಕೇಳಿದರು. ಇಬ್ಬರು ಅಂದೆ. "ಇಬ್ಬರಿಗೋಸ್ಕರ ಒಂದು ಟೇಬಲ್ಲಾ?" ಅಂದರು. ಅವರ ಮಾತೂ ಸುಳ್ಳಲ್ಲ, ಕೆಲಸ ಬೆಟ್ಟದಷ್ಟಿದೆ. ಆ ಇಬ್ಬರಲ್ಲಿ ಒಬ್ಬರು ಈಗಾಗಲೇ ಇಲ್ಲ ಅನ್ನೋದನ್ನ ನಾನು ಹೇಳಲಿಲ್ಲ. ಶನಿವಾರ ಭಾನುವಾರ ಕೂತು ಮಾಡಿದೆ.

ಯಾಕಷ್ಟು ಹಠ ಅಂತೀರಾ? ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿರೋದು ನಮ್ಮೂರಿನ ಹೆಸರು, ಚಿಕ್ಕನಹಳ್ಳಿ. ಶಾಲೆಯಲ್ಲಿ ಬರೀ "ಸಿ" ಅಂತ ಒಂದು ಇನಿಷಿಯಲ್ ಆಗಿತ್ತು, ಅರ್ಜಿ ತುಂಬುವಾಗ ಬಿಡಿಸಿ ಬರೆದಿದ್ದೇ ಅಂಟಿಕೊಂಡಿತು. ಕ್ಲೈಂಟಿನ ಕಾಲ್‌ಗಳಲ್ಲಿ ನಾನು ಮೂರು ವರ್ಷದಿಂದ "ಮಿಸ್ಟರ್ ಚಿಕನ್ ಹ್ಯಾಲಿ". ತಿದ್ದೋದನ್ನ ಯಾವತ್ತೋ ಬಿಟ್ಟಿದ್ದೀನಿ. ಆದ್ರೆ ಪ್ರತೀ ಸಲ ಸಣ್ಣಗೆ ಚುಚ್ಚುತ್ತೆ. ಆ ಟಿಕೆಟ್ಟಿನ ದಿನ ನಾನು ಚೋಳಮಂಡಲ ಅಂತ ನಕ್ಕಿದ್ದು ಅದೇ ಥರದ ನಗು.

ಆ ಭಾನುವಾರ ಅಪ್ಪನಿಗೆ ಫೋನ್ ಮಾಡಿ, "ಅಪ್ಪಾ, ಚಿಕ್ಕನಹಳ್ಳೀಲಿ ಚಿಕ್ಕ ಅಂದ್ರೆ ಯಾರು?" ಅಂದೆ.

"ಯಾವ ಚಿಕ್ಕ?"

"ಊರಿಗೆ ಹೆಸರು ಬಂತಲ್ಲ, ಅವನು."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ರು. "ಯಾರಿಗ್ಗೊತ್ತೋ. ನಿಮ್ಮ ತಾತ ಊರು ಬಿಟ್ಟಾಗ ನಾನಿನ್ನೂ ಮೂರು ವರ್ಷದೋನು. ಅಜ್ಜಿ ಒಂದ್ಸಲಾನೂ ಚಿಕ್ಕನಹಳ್ಳಿ ಅಂದಿದ್ದು ಕೇಳಿಲ್ಲ. ಚಿಕ್ನಳ್ಳಿ, ಚಿಕ್ನಳ್ಳಿ ಅನ್ನೋಳು. ಊಟ ಆಯ್ತಾ?" ಅಂದ್ರು.

ಪಟ್ಟಿಯಲ್ಲಿ ಈಗ ಅರವತ್ತಕ್ಕೂ ಹೆಚ್ಚು ಹೆಸರಿವೆ. ಫೆದರ್‌ಸ್ಟೋನ್‌ಹಾ ಅಂತ ಬರೆದು ಫ್ಯಾನ್‌ಷಾ ಅನ್ನೋರು, ಮಾರ್ಜೋರಿಬ್ಯಾಂಕ್ಸ್ ಅಂತ ಬರೆದು ಮಾರ್ಚ್‌ಬ್ಯಾಂಕ್ಸ್ ಅನ್ನೋರು, ಬೋಷಾಂಪ್ ಅಂತ ಬರೆದು ಬೀಚಮ್ ಅನ್ನೋರು, ಮೇನ್‌ವೇರಿಂಗ್ ಅಂತ ಬರೆದು ಮ್ಯಾನರಿಂಗ್ ಅನ್ನೋರು. ಕೊನೇ ಸಾಲಿನಲ್ಲಿ ಯಾರಿಗೂ ಹೇಳದೆ ನಂದೂ ಒಂದು ಸೇರಿಸಿದೆ. ರಿವ್ಯೂ ಮಾಡಿದ ಗೆಳೆಯ ನೋಡಿಯೂ ಏನೂ ಅನ್ನಲಿಲ್ಲ.

ಹೊಸ ಕೋಡು ಹೋದ ಮೇಲೆ ಆ ಅಜ್ಜಿ ಮತ್ತೆ ಫೋನ್ ಮಾಡಲಿಲ್ಲ. ಅಷ್ಟರಲ್ಲಿ ಅವರು ಬೇಸತ್ತು ಅಂಚೆಯಲ್ಲಿ ಕಾಗದ ಬರೆದಿದ್ರಂತೆ, ಯಾರೋ ಗುಮಾಸ್ತರು ಓದಿ ಒಂದೇ ದಿನದಲ್ಲಿ ಖಾತೆ ಮುಚ್ಚಿಕೊಟ್ಟರಂತೆ. ಕ್ಲೈಂಟಿನವರು ಹೇಳಿದ್ದು. ಟಿಕೆಟ್ಟಿನ ಇತಿಹಾಸದಲ್ಲಿ ನಾನು ಬರೆದ "ನಾಟ್ ಎ ಬಗ್" ಇನ್ನೂ ಇದೆ. ಅದನ್ನ ಅಳಿಸೋಕೆ ಆ ಸಿಸ್ಟಮ್ಮಿನಲ್ಲಿ ಬರಲ್ಲ.

ಅಂದ ಹಾಗೆ, ನಿಮ್ಮ ಇನಿಷಿಯಲ್ಲಿನ ಮೊದಲ ಅಕ್ಷರ ಯಾವೂರು? ನಿಮ್ಮಜ್ಜಿ ಅದನ್ನ ಹೇಗೆ ಹೇಳ್ತಿದ್ರು? ಬಿಡುವಿದ್ದಾಗ ಬರೀರಿ.